ಮುಖದ ಮೇಲೆ ಮೂಡಿದ ಶಿಕ್ಷೆ: ಓದುಗರು ಒಲ್ಲದ ಪಾತ್ರಕ್ಕೆ ಕರುಣೆ ಬೇಡವೇ?

ಹದಿಹರೆಯದ ವಿದ್ಯಾರ್ಥಿನಿಯೊಬ್ಬಳು ಸಹಪಾಠಿಗಳ ಗುಟ್ಟನ್ನು ಶಾಲೆಯ ಅಧಿಕಾರಿಗೆ ತಿಳಿಸುತ್ತಾಳೆ. ಕೂಡಲೇ ಅವಳ ಕೆನ್ನೆ, ಮೂಗಿನ ಮೇಲೆ ನೇರಳೆ ಬಣ್ಣದ ಗುಳ್ಳೆಗಳೆದ್ದು ‘ಚಾಡಿಕೋರಿ’ ಎಂಬರ್ಥದ ಪದವನ್ನು ಬರೆಯುತ್ತವೆ. ತಿಂಗಳುಗಳು ಉರುಳಿದರೂ ಅವು ಮಾಯುವುದಿಲ್ಲ.

ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಐದನೆಯ ಕಾದಂಬರಿ ‘ಆರ್ಡರ್ ಆಫ್ ದಿ ಫೀನಿಕ್ಸ್’ (2003) ಓದಿದವರಿಗೆ ಈ ಪ್ರಸಂಗ ನೆನಪಿರಬಹುದು. ಹುಡುಗಿಯ ಹೆಸರು ಮರಿಯೆಟ್ಟಾ ಎಡ್ಜ್‌ಕೂಂಬ್. ಆಕೆ ಖಳನಾಯಕಿಯಲ್ಲ. ಓದುಗರಿಗೆ ಹಿಡಿಸದ ಒಂದು ಸಣ್ಣ ಪಾತ್ರ, ಅಷ್ಟೇ. ಆದರೆ ಆಕೆಗಾದ ಶಿಕ್ಷೆ ಕಿಶೋರ ಸಾಹಿತ್ಯದ ಬಹುಮುಖ್ಯ ಪ್ರಶ್ನೆಯೊಂದನ್ನು ಎತ್ತುತ್ತದೆ. ಪಾತ್ರವೊಂದು ನಮಗೆ ಇಷ್ಟವಾಗದಿದ್ದರೆ ಅದರ ಮೇಲೆ ನಡೆಯುವ ಕ್ರೌರ್ಯ ನ್ಯಾಯವಾಗಿಬಿಡುತ್ತದೆಯೇ?

ನಡೆದದ್ದೇನು?

ಹಾಗ್ವರ್ಟ್ಸ್ ಶಾಲೆಗೆ ಸರ್ಕಾರದಿಂದ ನೇಮಕಗೊಂಡು ಬಂದ ಡೊಲೊರೆಸ್ ಅಂಬ್ರಿಜ್ ಮಕ್ಕಳಿಗೆ ಆತ್ಮರಕ್ಷಣೆಯ ವಿದ್ಯೆಯನ್ನೇ ಕಲಿಸಲು ಒಪ್ಪುವುದಿಲ್ಲ. ಆಗ ಹ್ಯಾರಿಯ ನೇತೃತ್ವದಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ವಿದ್ಯಾರ್ಥಿಗಳು ಗುಟ್ಟಾಗಿ ಅಭ್ಯಾಸ ಆರಂಭಿಸುತ್ತಾರೆ. ಗುಂಪಿಗೆ ಸೇರುವವರಿಂದ ಹರ್ಮಯೋನಿ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾಳೆ. ಗುಟ್ಟು ಬಿಟ್ಟುಕೊಡಬಾರದೆಂಬ ಷರತ್ತನ್ನು ಎಲ್ಲರಿಗೂ ಹೇಳುತ್ತಾಳೆ. ಆದರೆ ಆ ಹಾಳೆಗೆ ತಾನು ಮಾಟ ಮಾಡಿರುವ ಸಂಗತಿಯನ್ನು ಹೇಳುವುದಿಲ್ಲ.

ಗೆಳತಿ ಚೋ ಚಾಂಗ್‌ಳ ಬಲವಂತಕ್ಕೆ ಬಂದ ಮರಿಯೆಟ್ಟಾ ಮನಸ್ಸಿಲ್ಲದೆ ಸಹಿ ಹಾಕುತ್ತಾಳೆ. ಆಕೆಯ ತಾಯಿ ಸರ್ಕಾರಿ ನೌಕರಿಯಲ್ಲಿದ್ದು, ಶಾಲೆಯ ಮೇಲೆ ಕಣ್ಣಿಡುವ ಕೆಲಸದಲ್ಲಿ ಅಂಬ್ರಿಜ್‌ಗೆ ನೆರವಾಗುತ್ತಿರುತ್ತಾಳೆ. ಸ್ನೇಹ ಒಂದು ಕಡೆ, ತಾಯಿಯ ನೌಕರಿ ಇನ್ನೊಂದು ಕಡೆ. ಕೊನೆಗೆ ಮರಿಯೆಟ್ಟಾ ಅಂಬ್ರಿಜ್‌ಳ ಕೋಣೆಯ ಬಾಗಿಲು ತಟ್ಟುತ್ತಾಳೆ.

ಆ ತಪ್ಪು ಸಣ್ಣದಲ್ಲ. ಮಕ್ಕಳನ್ನು ಉಳಿಸಲು ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡು ಶಾಲೆಯನ್ನೇ ಬಿಟ್ಟು ಹೋಗಬೇಕಾಗುತ್ತದೆ. ಆದರೆ ಶಿಕ್ಷೆಯೂ ಸಣ್ಣದಲ್ಲ. ವರ್ಷದ ಕೊನೆಗೆ ಊರಿಗೆ ಮರಳುವ ರೈಲಿನಲ್ಲಿ ಮರಿಯೆಟ್ಟಾ ಮುಸುಕು ಟೋಪಿಯಿಂದ ಮುಖ ಮುಚ್ಚಿಕೊಂಡಿರುತ್ತಾಳೆ. ಮುಂದಿನ ಕಾದಂಬರಿಯಲ್ಲಿ (2005) ದಪ್ಪಗೆ ಪ್ರಸಾಧನ ಬಳಿದುಕೊಂಡು ಕಾಣಿಸಿಕೊಳ್ಳುತ್ತಾಳೆ. 2007ರಲ್ಲಿ ಓದುಗರ ಪ್ರಶ್ನೆಗೆ ಉತ್ತರಿಸಿದ ರೌಲಿಂಗ್, ಗುಳ್ಳೆಗಳು ಕ್ರಮೇಣ ಹೋದರೂ ಕೆಲವು ಕಲೆಗಳು ಉಳಿದವು ಎಂದರಲ್ಲದೆ, ದ್ರೋಹಿಗಳನ್ನು ಕಂಡರೆ ತಮಗಾಗದು ಎಂದೂ ಸ್ಪಷ್ಟಪಡಿಸಿದರು.

ಚರ್ಮದ ಮೇಲಿನ ಎರಡು ಬರಹ

ಇದೇ ಕಾದಂಬರಿಯಲ್ಲಿ ಇನ್ನೊಂದು ಶಿಕ್ಷೆಯಿದೆ. ಹ್ಯಾರಿ ಸುಳ್ಳು ಹೇಳುತ್ತಿದ್ದಾನೆಂದು ಆರೋಪಿಸುವ ಅಂಬ್ರಿಜ್ ಅವನ ಕೈಗೊಂದು ಲೇಖನಿ ಕೊಟ್ಟು, ಒಂದೇ ವಾಕ್ಯವನ್ನು ಮತ್ತೆ ಮತ್ತೆ ಬರೆಸುತ್ತಾಳೆ. ಆ ಲೇಖನಿಗೆ ಶಾಯಿ ಬೇಕಿಲ್ಲ. ಬರೆದ ಅಕ್ಷರಗಳು ಹುಡುಗನ ಕೈಯ ಹಿಂಭಾಗದಲ್ಲಿ ಕೊರೆದುಕೊಂಡು, ಅವನ ರಕ್ತವೇ ಕಾಗದದ ಮೇಲೆ ಹರಿಯುತ್ತದೆ. ಗಾಯದ ಗುರುತು ಶಾಶ್ವತವಾಗಿ ಉಳಿಯುತ್ತದೆ.

ಎರಡೂ ಕಡೆ ಅಪರಾಧಿ ಎನಿಸಿಕೊಂಡ ಎಳೆಯರ ದೇಹದ ಮೇಲೆ ಅವರ ‘ತಪ್ಪನ್ನು’ ಬರೆಯಲಾಗುತ್ತದೆ. ಹ್ಯಾರಿ ನಿರಪರಾಧಿ, ಮರಿಯೆಟ್ಟಾ ಅಪರಾಧಿ ಎಂಬ ವ್ಯತ್ಯಾಸವಿದೆ, ನಿಜ. ಆದರೆ ವಿಧಾನ ಒಂದೇ. ಅಂಬ್ರಿಜ್ ಮಾಡಿದಾಗ ಅದು ಚಿತ್ರಹಿಂಸೆ. ಹರ್ಮಯೋನಿ ಮಾಡಿದಾಗ ಅದು ಜಾಣತನ. ಇದು ಅತಿಯಾಯಿತೆಂದು ಚೋ ಆಕ್ಷೇಪಿಸಿದಾಗ ಹ್ಯಾರಿ ಹರ್ಮಯೋನಿಯ ಬುದ್ಧಿವಂತಿಕೆಯನ್ನೇ ಹೊಗಳುತ್ತಾನೆ. ಆ ಮಾತಿಗೆ ಚೋ ಜತೆಗಿನ ಅವನ ಸಂಬಂಧವೇ ಮುರಿಯುತ್ತದೆ. ಕಥೆ ಮಾತ್ರ ಚೋಳ ಪ್ರಶ್ನೆಗೆ ಉತ್ತರಿಸದೆ ಮುಂದೆ ಸಾಗುತ್ತದೆ.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ಗುಟ್ಟು ಕಾಯುವುದೇ ಉದ್ದೇಶವಾಗಿದ್ದರೆ ಮಾಟದ ವಿಷಯವನ್ನು ಮೊದಲೇ ಹೇಳಬೇಕಿತ್ತು. ಗೊತ್ತಿಲ್ಲದ ಶಿಕ್ಷೆ ಯಾರನ್ನೂ ತಡೆಯದು. ಗುಳ್ಳೆ ಕಂಡು ಬೆದರಿದ ಮರಿಯೆಟ್ಟಾ ಆಮೇಲೆ ಬಾಯಿ ಬಿಡಲಿಲ್ಲವಾದರೂ ಅಷ್ಟರಲ್ಲಿ ಗುಟ್ಟು ಹೊರಬಿದ್ದಿತ್ತು. ಹೀಗಾಗಿ ಅದು ಮುನ್ನೆಚ್ಚರಿಕೆಗಿಂತ ಹೆಚ್ಚಾಗಿ ಪ್ರತೀಕಾರವಾಯಿತು.

ಹಳೆಯ ಪರಂಪರೆ

ಕೆಟ್ಟ ಮಕ್ಕಳನ್ನು ಘೋರವಾಗಿ ದಂಡಿಸುವುದು ಮಕ್ಕಳ ಸಾಹಿತ್ಯಕ್ಕೆ ಹೊಸದಲ್ಲ. ಜರ್ಮನಿಯ ವೈದ್ಯ ಹೈನ್‌ರಿಕ್ ಹಾಫ್‌ಮನ್ 1845ರಲ್ಲಿ ಪ್ರಕಟಿಸಿದ ‘ಸ್ಟ್ರುವೆಲ್‌ಪೀಟರ್’ ಪದ್ಯಗಳಲ್ಲಿ ಬೆರಳು ಚೀಪುವ ಹುಡುಗನ ಹೆಬ್ಬೆರಳುಗಳನ್ನೇ ದರ್ಜಿ ಕತ್ತರಿಸಿಹಾಕುತ್ತಾನೆ. ರೋಲ್ಡ್ ಡಾಲ್‌ರ ‘ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ’ಯಲ್ಲಿ (1964) ಹೊಟ್ಟೆಬಾಕ ಹುಡುಗ ಚಾಕೊಲೇಟ್ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತಾನೆ.

ಇಂಥ ಕಥೆಗಳಿಗೆ ಸಮರ್ಥನೆಯೂ ಇದೆ. ನಿಜಜೀವನದಲ್ಲಿ ಪೀಡಕರು ಸಿಕ್ಕಿಬೀಳದೆ ಪಾರಾಗುವುದನ್ನು ಮಕ್ಕಳು ದಿನವೂ ಕಾಣುತ್ತಾರೆ. ಪುಸ್ತಕದಲ್ಲಾದರೂ ಅವರಿಗೆ ತಕ್ಕ ಶಾಸ್ತಿಯಾದರೆ ಮನಸ್ಸು ಹಗುರಾಗುತ್ತದೆ. ನಾಯಕ, ನಾಯಕಿಯರು ದೋಷವೇ ಇಲ್ಲದವರಾಗಿರಬೇಕೆಂಬ ನಿಯಮವೂ ಇಲ್ಲ. ಆದರೆ ಬಾಲಕಥೆಯ ಉತ್ಪ್ರೇಕ್ಷೆ ಬೇರೆ, ಒಳಮನಸ್ಸು, ಭಯ, ಕುಟುಂಬ ಎಲ್ಲವೂ ಇರುವ ಪಾತ್ರಗಳ ಕಿಶೋರ ಕಾದಂಬರಿ ಬೇರೆ. ಪಾತ್ರ ಮನುಷ್ಯರಂತಿದ್ದಷ್ಟೂ ಅದರ ನೋವು ನಗೆಚಾಟಿಕೆಯಾಗಿ ಉಳಿಯುವುದು ಕಷ್ಟ.

ಬೇರೆ ದಾರಿಗಳೂ ಇವೆ

ಹಾಗೆಂದು ರೌಲಿಂಗ್ ಎಲ್ಲೆಡೆಯೂ ಹೀಗೆಯೇ ಬರೆದಿದ್ದಾರೆ ಎನ್ನುವಂತಿಲ್ಲ. ನಾಲ್ಕನೆಯ ಪುಸ್ತಕದಲ್ಲಿ (2000) ಶಿಕ್ಷಕ ಮೂಡಿ, ಡ್ರೇಕೊ ಮಾಲ್‌ಫಾಯ್‌ನನ್ನು ಫೆರೆಟ್ ಎಂಬ ಪುಟ್ಟ ಪ್ರಾಣಿಯಾಗಿಸಿ ನೆಲಕ್ಕೆ ಕುಕ್ಕುತ್ತಾನೆ. ರೂಪಾಂತರವನ್ನು ಶಿಕ್ಷೆಯಾಗಿ ಬಳಸುವಂತಿಲ್ಲ ಎಂದು ಪ್ರೊಫೆಸರ್ ಮೆಕ್‌ಗೊನಾಗಲ್ ತಡೆಯುತ್ತಾರೆ. ಆ ‘ಮೂಡಿ’ ವೇಷ ಮರೆಸಿದ ದುಷ್ಟನೆಂಬುದು ಕೊನೆಗೆ ಬಯಲಾಗುತ್ತದೆ. ಆರನೆಯ ಪುಸ್ತಕದಲ್ಲಿ ಪರಿಣಾಮ ಅರಿಯದ ಮಂತ್ರವೊಂದನ್ನು ಹ್ಯಾರಿ ಪ್ರಯೋಗಿಸಿದಾಗ ಡ್ರೇಕೊ ರಕ್ತದ ಮಡುವಿನಲ್ಲಿ ಕುಸಿಯುತ್ತಾನೆ. ಹ್ಯಾರಿ ತಾನು ಮಾಡಿದ್ದನ್ನು ಕಂಡು ಹೌಹಾರುತ್ತಾನೆ, ಶಿಕ್ಷೆಯನ್ನೂ ಅನುಭವಿಸುತ್ತಾನೆ. ಡ್ರೇಕೊ ಅಲ್ಲಿಯೂ ಇಷ್ಟವಾಗುವ ಹುಡುಗನಲ್ಲ. ಆದರೂ ಅವನ ರಕ್ತ ರಕ್ತವೇ.

ಸುಝಾನ್ ಕಾಲಿನ್ಸ್ ಅವರ ‘ಹಂಗರ್ ಗೇಮ್ಸ್’ ಸರಣಿಯ ಕೊನೆಯ ಕಾದಂಬರಿ ‘ಮಾಕಿಂಗ್‌ಜೇ’ (2010) ಈ ದಾರಿಯಲ್ಲಿ ಇನ್ನೂ ಮುಂದೆ ಹೋಗುತ್ತದೆ. ಮಕ್ಕಳನ್ನು ಸಾವಿನ ಪಂದ್ಯಕ್ಕೆ ಸಿಂಗರಿಸಿ ಕಳುಹಿಸುತ್ತಿದ್ದ ರಾಜಧಾನಿಯ ಮೂವರು ಅಲಂಕಾರ ಕಲಾವಿದರು ಬಂಡಾಯಗಾರರ ನೆಲೆಯಲ್ಲಿ ಬಂದಿಗಳಾಗಿರುತ್ತಾರೆ. ಬ್ರೆಡ್ ಕದ್ದ ತಪ್ಪಿಗೆ ಅವರನ್ನು ಸರಪಳಿಯಿಂದ ಗೋಡೆಗೆ ಬಿಗಿಯಲಾಗಿರುತ್ತದೆ. ಪೊಳ್ಳು ಹರಟೆಯ ಆ ಮೂವರ ಮೇಲೆ ಓದುಗರಿಗೆ ಗೌರವ ಇರಬೇಕಿಲ್ಲ. ಆದರೂ ಆ ದೃಶ್ಯ ಕಂಡು ಕಾಟ್ನಿಸ್ ಬೆಚ್ಚಿಬೀಳುತ್ತಾಳೆ. ತನ್ನ ಪಕ್ಷದವರೂ ಶತ್ರುಗಳಂತೆಯೇ ವರ್ತಿಸಬಲ್ಲರೆಂಬ ಅನುಮಾನ ಅಲ್ಲಿಂದ ಬಲಿಯುತ್ತದೆ.

ಅಳತೆಗೋಲು ಯಾವುದು?

ಈ ಉದಾಹರಣೆಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಕಥೆಯಲ್ಲಿ ಕ್ರೌರ್ಯ ಇರಬಾರದೆಂಬುದಲ್ಲ ಇಲ್ಲಿನ ವಾದ. ನಾಯಕನ ಪಕ್ಷದವರು ಕ್ರೂರವಾಗಿ ನಡೆದುಕೊಂಡಾಗ ಕೃತಿ ಅದನ್ನು ಕ್ರೌರ್ಯವೆಂದೇ ಗುರುತಿಸುತ್ತದೆಯೇ ಎಂಬುದು ಮುಖ್ಯ. ಅಪ್ರಿಯತೆ ಅಪರಾಧವಲ್ಲ, ಅಪರಾಧಕ್ಕೂ ಅಳತೆ ಮೀರಿದ ಶಿಕ್ಷೆ ನ್ಯಾಯವಲ್ಲ.

ಇಂಥ ಕಾದಂಬರಿಗಳನ್ನು ಓದುವವರು ಹೆಚ್ಚಾಗಿ ಶಾಲಾ ವಯಸ್ಸಿನವರು. ಯಾರನ್ನು ಗುಂಪಿಗೆ ಸೇರಿಸಬೇಕು, ಯಾರಿಗೆ ಅಡ್ಡಹೆಸರಿಡಬೇಕು, ಯಾರೊಡನೆ ಮಾತು ಬಿಡಬೇಕು ಎಂಬ ತೀರ್ಪುಗಳು ತರಗತಿಯಲ್ಲಿ ನಿತ್ಯವೂ ನಡೆಯುವ ವಯಸ್ಸು ಅದು. ‘ಚಾಡಿಕೋರಿ’ ಎಂಬ ಪದವನ್ನು ಮುಖದ ಮೇಲೆ ಅಂಟಿಸಲು ಅಲ್ಲಿ ಮಾಟ ಬೇಕಾಗಿಲ್ಲ.

ಹಾಗೆಂದು ಪೋಷಕರು ಪುಸ್ತಕವನ್ನು ಕಿತ್ತಿಡಬೇಕಿಲ್ಲ. ಓದಿ ಮುಗಿಸಿದ ಮಗುವನ್ನು ಮರಿಯೆಟ್ಟಾಳ ಬಗ್ಗೆ ಕೇಳಿದರೆ ಸಾಕು: ಅವಳ ಜಾಗದಲ್ಲಿ ನೀನಿದ್ದಿದ್ದರೆ ಏನು ಮಾಡುತ್ತಿದ್ದೆ? ಹರ್ಮಯೋನಿಯ ಜಾಗದಲ್ಲಿದ್ದಿದ್ದರೆ ಆ ಗುಳ್ಳೆಗಳನ್ನು ಎಷ್ಟು ದಿನ ಉಳಿಸುತ್ತಿದ್ದೆ?