ಅವರೆಯ ದಿನಗಳು

ಮಾರ್ಗಶಿರ ಮಾಸ ಅರ್ಧ ಕಳೆಯುವ ಹೊತ್ತಿಗೆ ನಮ್ಮ ಹಳೆಯ ಮೈಸೂರು ಸೀಮೆಯ ಅಡಿಗೆಮನೆಗಳಿಗೆಲ್ಲ ಒಂದೇ ವಾಸನೆ ಬಂದುಬಿಡುತ್ತದೆ. ಬಡವರ ಹಟ್ಟಿಯಾಗಲಿ, ಬಲ್ಲಿದರ ಬಂಗಲೆಯಾಗಲಿ, ಮುಂದೆ ಹಾದುಹೋಗುವವನಿಗೆ ಒಳಗೆ ಅವರೆ ಬೇಯುತ್ತಿದೆಯೆಂದು ಮೂಗೇ ಹೇಳುತ್ತದೆ. ವರ್ಷದ ಉಳಿದ ತಿಂಗಳುಗಳಲ್ಲಿ ಜಾತಿಗೊಂದು, ಅಂತಸ್ತಿಗೊಂದು ಎಂಬಂತೆ ಬೇರೆಬೇರೆಯಾಗಿದ್ದ ಸಾರುಗಳು ಈ ಎರಡು ತಿಂಗಳ ಮಟ್ಟಿಗೆ ನೆಂಟಸ್ತನ ಬೆಳೆಸುತ್ತವೆ. ಮಸಾಲೆಯಲ್ಲಿ ಭೇದ ಉಂಟು. ಒಂದು ಮನೆಯಲ್ಲಿ ಬೆಳ್ಳುಳ್ಳಿ, ಚಕ್ಕೆ, ಲವಂಗ. ಇನ್ನೊಂದರಲ್ಲಿ ಮೆಣಸು, ಕೊತ್ತಂಬರಿ ಬೀಜ, ತೆಂಗಿನ ತುರಿ. ಕಾಳು ಮಾತ್ರ ಒಂದೇ.

ಮನೆಯ ಅಡಿಗೆಯನ್ನು ಕುರಿತು ಈಚೆಗೆ ಬರುವ ಬರಹಗಳಲ್ಲಿ 'ಸುಲಭ' ಎಂಬ ಮಾತು ಮೇಲಿಂದ ಮೇಲೆ ಕಾಣುತ್ತದೆ. ಆಯಾ ಕಾಲದಲ್ಲಿ ಬೆಳೆದುದನ್ನು ತನ್ನಿರಿ, ಅರ್ಧ ಗಂಟೆಯಲ್ಲಿ ಸುಲಭವಾಗಿ ಬೇಯಿಸಿರಿ, ಮನೆಮಂದಿಯೆಲ್ಲ ಕೂಡಿ ಉಣ್ಣಿರಿ ಎಂಬುದು ಅವುಗಳ ಉಪದೇಶ. ಉಪದೇಶ ಒಳ್ಳೆಯದೇ. ಆದರೆ ಸುಲಭ ಎಂದರೆ ಯಾರಿಗೆ ಸುಲಭ ಎಂಬ ಪ್ರಶ್ನೆಯನ್ನು ಅವು ಎತ್ತುವುದಿಲ್ಲ. ಆ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಅವರೆಯಂಥ ಒರೆಗಲ್ಲು ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ.

ಮೊದಲು ಗಿಡದ ಮಾತು. ನಾಡಿನ ಅವರೆ ಬೆಳಕಿನ ಲೆಕ್ಕ ಬಲ್ಲ ಗಿಡ. ಹಗಲು ಒಂದು ಮಿತಿಗಿಂತ ಮೊಟಕಾದ ಮೇಲಲ್ಲದೆ ಅದು ಹೂ ಬಿಡುವುದಿಲ್ಲ. ಮಳೆಗಾಲದಲ್ಲಿ ರಾಗಿಯೊಡನೆ ಬಿತ್ತನೆಯಾಗುತ್ತದೆ. ರಾಗಿಯ ಹೊಲದ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಸಾಲಾಗಿ ಇಡುವುದಕ್ಕೆ ನಮ್ಮ ರೈತರು 'ಅಕ್ಕಡಿ' ಎನ್ನುತ್ತಾರೆ. ರಾಗಿ ಬೆಳೆಯುವಷ್ಟು ಕಾಲ ಅವರೆ ಸುಮ್ಮನೆ ಎಲೆ ಬಿಟ್ಟುಕೊಂಡು ಒತ್ತಿನಲ್ಲಿ ನಿಂತಿರುತ್ತದೆ. ರಾಗಿಯ ಕೊಯ್ಲು ಮುಗಿದು ಹೊಲ ಬರಿದಾದ ಮೇಲೆ ಅದರ ಸರದಿ. ನೆಲದಲ್ಲಿ ಉಳಿದ ತೇವ, ರಾತ್ರಿ ಬೀಳುವ ಇಬ್ಬನಿ, ಇಷ್ಟೇ ಬಂಡವಾಳದಿಂದ ಅದು ಹೂವಾಗಿ ಕಾಯಾಗಿ ತೂಗುತ್ತದೆ. ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟು ಭೂಮಿಗೂ ಒಂದು ಪಾಲು ಕೊಡುತ್ತದೆ. ಒಣಗಿದ ಅವರೆಯಲ್ಲಿ ನೂರಕ್ಕೆ ಸುಮಾರು 24 ಪಾಲು ಸಸಾರಜನಕ ಉಂಟು. ಧಾನ್ಯಗಳಲ್ಲಿ ಕಡಮೆಯಾಗಿರುವ ಲೈಸೀನ್ ಇದರಲ್ಲಿ ಹೇರಳ. ಹೊಲದಲ್ಲಿ ಒಂದನ್ನೊಂದು ಒತ್ತರಿಸಿಕೊಂಡು ಬೆಳೆದ ರಾಗಿ ಅವರೆಗಳು ತಟ್ಟೆಯಲ್ಲಿ ಮುದ್ದೆ ಸಾರುಗಳಾಗಿ ಒಂದರ ಕೊರತೆಯನ್ನು ಒಂದು ತುಂಬುತ್ತವೆ. ಈ ಜೋಡಿಯನ್ನು ಯಾವ ಪಂಡಿತನೂ ಕೂಡಿಸಿದ್ದಲ್ಲ.

ಇನ್ನು ಸೊಗಡು. ಕಾಯಿಯ ಸಿಪ್ಪೆಯ ಮೇಲೆ ಕೈಗೆ ಅಂಟುವ ಒಂದು ಬಗೆಯ ಜಿಡ್ಡಿದೆ. ಅದರಲ್ಲಿರುವ ಕೆಲವು ಕೊಬ್ಬಿನಾಮ್ಲಗಳೇ ಈ ಪರಿಮಳಕ್ಕೆ ಕಾರಣವೆಂದು ರಸಾಯನಶಾಸ್ತ್ರಜ್ಞರು ಕಂಡುಹಿಡಿದಿದ್ದಾರೆ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆಯೆಂಬುದು ಮಾಗಡಿ ಕುಣಿಗಲ್ ಕಡೆಯ ರೈತರ ನಂಬಿಕೆ. ಮಂಜು ದಟ್ಟವಾದ ವರ್ಷ ಅವರೆಕಾಯಿ ಮಾರುವವನ ದನಿಯೂ ದಪ್ಪವಾಗಿರುತ್ತದೆ. ಕಾಯಿಯೊಳಗಿನ ಹಸಿರು ಹುಳುವಿನ ವಿಷಯ ಹೇಳದಿರುವುದೇ ಮೇಲು. ಬಣ್ಣದಲ್ಲಿ ಕಾಳಿಗೂ ಅದಕ್ಕೂ ವ್ಯತ್ಯಾಸವಿಲ್ಲ, ಚಲಿಸಿದಾಗಲೇ ತಿಳಿಯಬೇಕು. ನಮ್ಮ ಅಜ್ಜಿ ಮಾತ್ರ ಹುಳುವಿಲ್ಲದ ಕಾಯಿಯನ್ನು ಅನುಮಾನದಿಂದ ನೋಡುತ್ತಿದ್ದಳು.

ಬೆಂಗಳೂರಿನ ಹೆಸರಿಗೂ ಈ ಕಾಳಿಗೂ ಗಂಟುಹಾಕುವ ಕಥೆ ಎಲ್ಲರಿಗೂ ಗೊತ್ತು. ಬೇಟೆಯಲ್ಲಿ ದಾರಿತಪ್ಪಿ ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂದೂ, ಆದುದರಿಂದ ಊರು 'ಬೆಂದಕಾಳೂರು' ಆಯಿತೆಂದೂ ಹೇಳುತ್ತಾರೆ. ಇತಿಹಾಸ ಇದಕ್ಕೆ ಒಪ್ಪುವುದಿಲ್ಲ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ವೀರಗಲ್ಲಿನಲ್ಲಿ 'ಬೆಂಗಳೂರು' ಎಂಬ ಹೆಸರು ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲೇ, ಕ್ರಿ.ಶ. 890ರ ಸುಮಾರಿಗೆ, ಬಂದಿದೆ. ಕಥೆ ಸುಳ್ಳಾದರೂ ಅದನ್ನು ಕಟ್ಟಿದವನಿಗೆ ಈ ಸೀಮೆಯ ಹಸಿವು ಗೊತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದವನಿಗೆ ಒಬ್ಬಂಟಿ ಮುದುಕಿ ಏನು ತಾನೆ ಕೊಟ್ಟಾಳು? ಹಸಿಕಾಳು, ಉಪ್ಪು, ನೀರು. ಸುಲಭವಾದ ಅಡಿಗೆಯೆಂದರೆ ನಿಜಕ್ಕೂ ಅದೊಂದೇ. ಸಂಕ್ರಾಂತಿಯ ದಿನ ನಾವು ಕಡಲೆಕಾಯಿ, ಗೆಣಸುಗಳೊಡನೆ ಅವರೆಕಾಯಿಯನ್ನು ಸಿಪ್ಪೆಯ ಸಮೇತ ಬೇಯಿಸಿ ತಿನ್ನುವುದೂ ಆ ಮುದುಕಿಯ ಪಾಕವೇ.

ಆದರೆ ಮನುಷ್ಯನ ನಾಲಗೆ ಅಷ್ಟಕ್ಕೆ ನಿಲ್ಲುವುದಿಲ್ಲ. ಅವನು ಹಿತಕಿದ ಬೇಳೆಯನ್ನು ಕಂಡುಹಿಡಿದ.

ಅರಿಯದವರಿಗಾಗಿ ಹೇಳುತ್ತೇನೆ. ಒಂದು ಕಿಲೋ ಕಾಯಿ ಸುಲಿದರೆ ಅರ್ಧ ಕಿಲೋ ಕಾಳೂ ಸಿಕ್ಕುವುದಿಲ್ಲ. ಆ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಬೇಕು. ಬೆಳಗಿನ ಹೊತ್ತಿಗೆ ಒಳಗಿನ ಬೇಳೆಯನ್ನು ಬಿಟ್ಟು ಮೇಲಿನ ಸಿಪ್ಪೆ ಸಡಿಲವಾಗಿರುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದೊಂದೇ ಕಾಳನ್ನು ಹಿಡಿದು ಒತ್ತಿದರೆ ಬೇಳೆ ಪುಳಕ್ಕೆಂದು ಚಿಮ್ಮುತ್ತದೆ, ಸಿಪ್ಪೆ ಬೆರಳಿನಲ್ಲಿ ಉಳಿಯುತ್ತದೆ. ಸಿಪ್ಪೆ ಕಳಚಿದ ಬೇಳೆ ಬೆಣ್ಣೆಯ ಹಾಗೆ. ಕಾಲುಗಂಟೆಯಲ್ಲಿ ಬೇಯುತ್ತದೆ. ಮಸಾಲೆ ಅರೆದು ಬೆರೆಸಿ ಎರಡು ಕುದಿ ಬರಿಸಿ ಒಗ್ಗರಣೆ ಕೊಟ್ಟರೆ ಆಯಿತು. ಅತಿ ಬೆಂದರೆ ಕರಗಿಹೋಗುತ್ತದೆ ಎಂಬುದಷ್ಟೇ ಎಚ್ಚರ. ಒಲೆಯ ಮೇಲಿನ ಕೆಲಸ ಕೇಳಿದರೆ ಇದಕ್ಕಿಂತ ಸುಲಭವಾದ ಸಾರಿಲ್ಲ. ಒಲೆಗೆ ಬರುವ ಮುಂಚಿನದು ಕೇಳಿದರೆ ಆರು ಮಂದಿಯ ಮನೆಗೆ ಒಂದೂವರೆ ಸಾವಿರ ಸಲ ಬೆರಳು ಒತ್ತಬೇಕು.

ನಾನು ಬೆಳೆದ ಮನೆಯಲ್ಲಿ ಈ ಕೆಲಸಕ್ಕೆ ಕೆಲಸವೆಂಬ ಹೆಸರಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಹಳೆಯ ಸೀರೆಯೊಂದನ್ನು ಹಾಸುತ್ತಿದ್ದರು. ಮಧ್ಯದಲ್ಲಿ ಕಾಯಿಯ ರಾಶಿ, ಸುತ್ತ ಮೊರಗಳು. ಅಜ್ಜಿ, ಅಮ್ಮ, ಚಿಕ್ಕಮ್ಮ, ಎದುರುಮನೆಯ ಹೆಂಗಸರು, ನಾವು ಮಕ್ಕಳು. ಉಪಾಧ್ಯಾಯರಾಗಿದ್ದ ನಮ್ಮ ತಂದೆ ಮಗ್ಗಿ ಒಪ್ಪಿಸಿಕೊಳ್ಳುತ್ತ ತಾವೂ ಸುಲಿಯುತ್ತಿದ್ದರು. ಊರಿನ ಮದುವೆ, ಮುನಿಸು, ಸಾಲ, ಬಾಣಂತನಗಳೆಲ್ಲ ಆ ಸೀರೆಯ ಮೇಲೆ ಸುಲಿಸಿಕೊಂಡು ಹೋಗುತ್ತಿದ್ದವು. ಮರುದಿನ ಮುಂಜಾನೆ ಹಿತಕುವ ಹೊತ್ತಿಗೂ ಅದೇ ಸಭೆ ಇನ್ನೊಮ್ಮೆ ಸೇರುತ್ತಿತ್ತು. ಬೇಳೆಯನ್ನು ಒಬ್ಬರ ಹಣೆಗೊಬ್ಬರು ಗುರಿಯಿಟ್ಟು ಹಾರಿಸುವ ವಿದ್ಯೆಯಲ್ಲಿ ನಮ್ಮ ಅಕ್ಕ ನಿಪುಣೆ. ಹತ್ತು ಹನ್ನೆರಡು ಕೈಗಳು ಕೂಡಿದರೆ ಗಂಟೆಯೊಳಗೆ ಪಾತ್ರೆ ತುಂಬುತ್ತಿತ್ತು. ಸಿಪ್ಪೆ ಕೊಟ್ಟಿಗೆಗೆ ಹೋಗುತ್ತಿತ್ತು.

ಮದುವೆಯಾಗಿ ಬೆಂಗಳೂರಿಗೆ ಹೋದ ಅಕ್ಕನ ಮನೆಯಲ್ಲಿ ಮೂರೇ ಜನ. ಅವಳಿಗೂ ಶಾಲೆಯಲ್ಲಿ ಕೆಲಸ. ಒಂದು ಚಳಿಗಾಲ ನಾನು ಹೋಗಿದ್ದಾಗ ರಾತ್ರಿ ಹನ್ನೊಂದರ ಮೇಲೂ ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಭಾವನವರಿಗೆ ಹಿತಕಿದ ಬೇಳೆ ಎಂದರೆ ಪ್ರಾಣ. ಅವರು ಅದನ್ನು ಕೇಳಿ, ಕಾಯಿ ತಂದುಕೊಟ್ಟು, ನೆಮ್ಮದಿಯಾಗಿ ಮಲಗಿದ್ದರು. ಅಕ್ಕ ಒಬ್ಬಳೇ ಬೋಗುಣಿಯ ಮುಂದೆ ಕುಳಿತಿದ್ದಳು. ನಾನು ಪಕ್ಕದಲ್ಲಿ ಕುಳಿತು ಕೈಹಾಕಿದಾಗ ಅವಳು, "ಹಿತಕೋದು ಕಷ್ಟ ಅಲ್ಲ ಕಣೋ, ಒಬ್ಬಳೇ ಹಿತಕೋದು ಕಷ್ಟ" ಎಂದಳು. ಆಮೇಲೆ ಮೂರು ನಾಲ್ಕು ವರ್ಷ ಆ ಮನೆಯಲ್ಲಿ ಆ ಸಾರು ಆಗಲಿಲ್ಲ. ಯಾರೂ ಜಗಳವಾಡಲಿಲ್ಲ, ಅದು ನಿಂತಿತು, ಅಷ್ಟೇ. ಮನೆಯ ಅಡಿಗೆಗಳು ಹೀಗೆ ಸದ್ದಿಲ್ಲದೆ ನಿಲ್ಲುವುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಪಾಕ ಮರೆತು ನಿಂತವು ಕೆಲವೇ, ಕೈ ಸಾಲದೆ ನಿಂತವೇ ಹೆಚ್ಚು.

ಈಗ ಪೇಟೆ ಆ ಕೈಗಳನ್ನು ಒದಗಿಸುತ್ತದೆ. ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದಲ್ಲಿ ಚಳಿಗಾಲದ ಬೆಳಗಿನಲ್ಲಿ ನೋಡಿರಿ: ಹೆಂಗಸರು ಸಾಲಾಗಿ ಕುಳಿತು ಹಿತಕಿ ಹಿತಕಿ ರಾಶಿಹಾಕುತ್ತಿರುತ್ತಾರೆ. ಅವರ ಹೆಬ್ಬೆರಳಿನ ಉಗುರು ಸಂದಿ ಕಪ್ಪಿಟ್ಟಿರುತ್ತದೆ. ಇಡೀ ದಿನ ನೀರಿನಲ್ಲಿ ನೆಂದ ಬೆರಳಿನ ತುದಿ ಕಾಳಿನ ಸಿಪ್ಪೆಯ ಹಾಗೆಯೇ ಮುದುರಿರುತ್ತದೆ. ಬೇಳೆಯ ಬೆಲೆ ಕಾಳಿನದಕ್ಕಿಂತ ಹೆಚ್ಚೆಂದು ಅಲ್ಲಿ ಚೌಕಾಸಿ ಮಾಡುವ ಗಂಡಸರನ್ನು ಕಂಡರೆ ಅವರ ಕೈಗೆ ಒಂದು ಪಾವು ಕಾಳು ಕೊಟ್ಟು ಕೂರಿಸಬೇಕೆನಿಸುತ್ತದೆ. ಒಮ್ಮೆ ನಾನು ಅಂಥ ಒಬ್ಬಾಕೆಯನ್ನು, "ನಿಮ್ಮನೇಲೂ ಇದೇ ಸಾರೇನಮ್ಮ?" ಎಂದು ಕೇಳಿದೆ. ಆಕೆ ನಕ್ಕು, "ನಮ್ಮನೇಲಿ ಇಡೀ ಕಾಳೇ ಹಾಕ್ಬಿಡ್ತೀವಿ ಸಾಮಿ. ದಿನವೆಲ್ಲ ಇದುಕಿದ ಬೆರಳಿಗೆ ರಾತ್ರೀನೂ ಇದುಕು ಅಂದ್ರೆ ಕೇಳ್ತದಾ?" ಎಂದಳು. ಅಳೆದು ಕೊಟ್ಟ ಮೇಲೆ ಒಂದು ಹಿಡಿ ಹೆಚ್ಚಾಗಿಯೂ ಹಾಕಿದಳು. ಆ ಹಿಡಿಯನ್ನು ತೆಗೆದುಕೊಳ್ಳುವುದಕ್ಕೆ ನನಗೆ ಸಂಕೋಚವಾಯಿತು.

ಸಾರಿನದು ಹೀಗಾದರೆ ರೊಟ್ಟಿಯದು ಇನ್ನೊಂದು ಬಗೆ. ಅವರೆಕಾಳಿನ ಅಕ್ಕಿರೊಟ್ಟಿಗೆ ಹಿತಕಬೇಕಾಗಿಲ್ಲ. ಎಳೆಯ ಕಾಳನ್ನು ಉಪ್ಪು ಹಾಕಿ ಬೇಯಿಸಿ, ಅದೇ ಬಿಸಿನೀರಿನಲ್ಲಿ ಅಕ್ಕಿಹಿಟ್ಟನ್ನು ಕಲಸಬೇಕು. ತೆಂಗಿನ ತುರಿ, ಹಸಿಮೆಣಸಿನಕಾಯಿ, ಜೀರಿಗೆ, ಈರುಳ್ಳಿ, ಮುಖ್ಯವಾಗಿ ಸಬ್ಬಸಿಗೆ ಸೊಪ್ಪು. ಅವರೆ ಬಂದಾಗ ಸಬ್ಬಸಿಗೆಯೂ ಪೇಟೆಗೆ ಬಂದೇ ಬರುತ್ತದೆ. ಅವೆರಡರ ವಾಸನೆಗಳು ಒಂದಕ್ಕೊಂದು ಸೋಲದೆ ಹೊಂದಿಕೊಳ್ಳುತ್ತವೆ. ಎಣ್ಣೆ ಸವರಿದ ಬಾಂಡಲಿಯ ಒಳಮೈಗೆ ಹಿಟ್ಟನ್ನು ತೆಳ್ಳಗೆ ತಟ್ಟಿ, ಬೆರಳಿನಿಂದ ನಾಲ್ಕು ತೂತು ಮಾಡಿ ಎಣ್ಣೆ ಬಿಟ್ಟು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿಡಬೇಕು. ಮುಚ್ಚಿದ ಆವಿಯಲ್ಲಿ ಮೇಲ್ಭಾಗ ಬೇಯುತ್ತದೆ. ಕೆಳಗಿನ ಕಾವಿಗೆ ತಳ ಕೆಂಪಾಗಿ ಗರಿಗರಿಯಾಗುತ್ತದೆ. ನಮ್ಮ ಮನೆಗಳಲ್ಲಿ ಭಟ್ಟಿಯಿಲ್ಲ, ಓವನ್ ಎಂಬುದು ನಿನ್ನೆ ಮೊನ್ನೆ ಬಂದದ್ದು ಎನ್ನುವವರು ಈ ಬಾಂಡಲಿಯನ್ನು ಸರಿಯಾಗಿ ನೋಡಿಲ್ಲ. ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ'ದಲ್ಲಿ ರೊಟ್ಟಿಗಳದೇ ಒಂದು ದೊಡ್ಡ ಸಂಸಾರವಿದೆ. ಅದರಲ್ಲಿ ಮುಚ್ಚಳರೊಟ್ಟಿಯೆಂಬುದೂ ಒಂದು. ಕೆಳಗೂ ಕೆಂಡ, ಮೇಲೂ ಕೆಂಡ ಇಟ್ಟು ಬೇಯಿಸುವ ರೊಟ್ಟಿ ಅದು. ಕೇಕು ಬೇಯುವುದೂ ಇದೇ ತತ್ತ್ವದಿಂದಲ್ಲವೆ?

ಆದರೆ ಅಕ್ಕಿರೊಟ್ಟಿ ಕಾಯುವುದಿಲ್ಲ. ಆರಿದರೆ ತೊಗಲು. ಆದುದರಿಂದ ಒಬ್ಬರು ಒಲೆಯ ಮುಂದೆ ನಿಂತಿರಬೇಕು, ಉಳಿದವರು ತಟ್ಟೆ ಹಿಡಿದು ಕುಳಿತಿರಬೇಕು. ಒಂದು ಬೆಂದ ಮೇಲೆ ಬಾಂಡಲಿ ಆರಿದಲ್ಲದೆ ಇನ್ನೊಂದನ್ನು ತಟ್ಟುವಂತಿಲ್ಲ, ಕೈ ಸುಡುತ್ತದೆ. ಅದಕ್ಕಾಗಿ ಜಾಣೆಯರು ಎರಡು ಬಾಂಡಲಿ ಇಟ್ಟುಕೊಂಡು, ಒಂದನ್ನು ಬೋರಲು ಹಾಕಿ ಬೆನ್ನಿನ ಮೇಲೆ ನೀರು ಸುರಿದು ಆರಿಸುತ್ತಾರೆ. ಎಷ್ಟು ಬಾಂಡಲಿ ಇದ್ದರೂ ರೊಟ್ಟಿ ತಟ್ಟಿದವರ ಪಾಲಿಗೆ ಬರುವುದು ಕಡೆಯ ರೊಟ್ಟಿ, ಅದೂ ಹಿಟ್ಟು ಉಳಿದಿದ್ದರೆ. ಮನೆಮಂದಿಯೆಲ್ಲ ಕೂಡಿ ಉಣ್ಣುವುದೆಂಬ ಮಾತನ್ನು ಬರೆದವರಾರೋ, ಅವರಿಗೆ ಅಕ್ಕಿರೊಟ್ಟಿ ಮಾಡಿ ಗೊತ್ತಿರಲಾರದು. ನಮ್ಮ ಅಮ್ಮ ಬಿಸಿರೊಟ್ಟಿ ತಿಂದುದನ್ನು ನಾನು ನೋಡಿದ ನೆನಪು ಒಂದೇ ಒಂದು: ಅಕ್ಕ ರೊಟ್ಟಿ ತಟ್ಟುವುದನ್ನು ಕಲಿತ ದಿನ.

ಈಚೆಗೆ ಅವರೆಗೆ ಕಾಲದ ಕಟ್ಟು ಸಡಿಲವಾಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಮುಂತಾದ ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ; ನೀರಿದ್ದರೆ ವರ್ಷದ ಯಾವ ತಿಂಗಳಲ್ಲಾದರೂ ಕಾಯಿ ಬಿಡುತ್ತವೆ. ಅವುಗಳಲ್ಲಿ ಸೊಗಡಿಲ್ಲವೆಂದು ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಾದರೂ, ಅಕಾಲದಲ್ಲಿ ಎರಡು ಕಾಸು ಹೆಚ್ಚು ಕಾಣುವ ರೈತನ ಮೇಲೆ ನನಗೆ ದೂರಿಲ್ಲ. ಚಳಿಗಾಲದಲ್ಲಿ ಬೆಂಗಳೂರಿನ ವಿಶ್ವೇಶ್ವರಪುರದ ಕಡೆ ಅವರೆಯ ಮೇಳವೇ ನಡೆಯುತ್ತದೆ. ದೋಸೆ, ಉಪ್ಪಿಟ್ಟುಗಳಿಂದ ಹಿಡಿದು ಜಿಲೇಬಿಯವರೆಗೆ ಎಲ್ಲವೂ ಅವರೆಮಯ. ದೋಸೆ ಚೆನ್ನಾಗಿತ್ತು. ಜಿಲೇಬಿಯ ವಿಷಯದಲ್ಲಿ ನಾನು ಸಂಪ್ರದಾಯಸ್ಥ.

ಅಕ್ಕನ ಮನೆಯಲ್ಲಿ ಸಾರು ಮತ್ತೆ ಆಗತೊಡಗಿದ್ದು ಭಾವನವರಿಗೆ ನಿವೃತ್ತಿಯಾದ ಮೇಲೆ. ಮೊದಲ ವರ್ಷ ಅವರು ಪೇಟೆಯಿಂದ ಹಿತಕಿದ್ದನ್ನೇ ತಂದರು. ಎರಡನೆಯ ವರ್ಷ ಅದರಲ್ಲಿ ನೀರಿನ ವಾಸನೆಯೆಂದು ಆಕ್ಷೇಪಿಸಿದರು. ಹಾಗಾದರೆ ಮನೆಯಲ್ಲೇ ಆಗಲಿ ಎಂದು ಅಕ್ಕ ಅವರ ಮುಂದೆ ಬೋಗುಣಿ ಇಟ್ಟು ಒಳಗೆ ಹೋದಳಂತೆ. ಈಗ ಅವರು ಬೆಳಗಿನ ಪತ್ರಿಕೆ ಹಾಸಿಕೊಂಡು, ಕನ್ನಡಕ ಏರಿಸಿಕೊಂಡು, ಬಹಳ ಶ್ರದ್ಧೆಯಿಂದ ಹಿತಕುತ್ತಾರೆ. ವೇಗ ಸಾಲದು, ಅರ್ಧ ಬೇಳೆ ಎರಡು ಹೋಳಾಗುತ್ತದೆ. ಮೊಮ್ಮಗಳು ಸಂಪಾದಕೀಯದ ಮೇಲೆ ಬಿದ್ದ ಬೇಳೆಗಳನ್ನು ಆರಿಸಿ ಪಾತ್ರೆಗೆ ಹಾಕುತ್ತಾಳೆ. ಶಿವರಾತ್ರಿಯ ಹೊತ್ತಿಗೆ ಬಳ್ಳಿ ಒಣಗಿ ಹಸಿಕಾಯಿ ನಿಲ್ಲುತ್ತದೆಯೆಂದು, ಹೋದ ವರ್ಷ ಅವರು ನನ್ನ ಕೈಯಲ್ಲಿ ಊರಿನಿಂದ ನಾಲ್ಕು ಸೇರು ಒಣ ಅವರೆಯನ್ನೂ ತರಿಸಿಕೊಂಡರು. ಅದನ್ನೂ ನೆನೆಹಾಕಿ ಹಿತಕಬಹುದು. ಸೊಗಡು ಇರುವುದಿಲ್ಲ, ಸಾರು ಮಾತ್ರ ಕೆಡುವುದಿಲ್ಲ.