ಸೇವ್‌ಪಾಯಿಂಟ್

ಸೇವ್‌ಪಾಯಿಂಟ್ ಎಂಬುದು ಸಂಬಂಧಾತ್ಮಕ ದತ್ತಸಂಚಯದಲ್ಲಿ ನಡೆಯುತ್ತಿರುವ ವಹಿವಾಟಿನ, ಅಂದರೆ ಟ್ರಾನ್ಸಾಕ್ಷನ್‌ನ, ನಡುವೆ ಇಡುವ ಗುರುತು. ಮುಂದೆ ತಪ್ಪು ಸಂಭವಿಸಿದಲ್ಲಿ ಇಡೀ ವಹಿವಾಟನ್ನು ಕೈಬಿಡದೆ, ಆ ಗುರುತಿನ ನಂತರದ ಬದಲಾವಣೆಗಳನ್ನಷ್ಟೇ ರದ್ದುಪಡಿಸಲು ಇದರಿಂದ ಸಾಧ್ಯವಾಗುತ್ತದೆ.

ಹಿನ್ನೆಲೆ

ವಹಿವಾಟೊಂದರಲ್ಲಿ ಎಲ್ಲ ಬದಲಾವಣೆಗಳೂ ನಡೆಯಬೇಕು, ಇಲ್ಲವೇ ಯಾವುದೂ ನಡೆಯಬಾರದು. ದೀರ್ಘ ಕೆಲಸಗಳಲ್ಲಿ ಈ ನಿಯಮ ದುಬಾರಿಯಾಗುತ್ತದೆ. ಐಬಿಎಂನ ಸಿಸ್ಟಂ ಆರ್‌ನಲ್ಲಿಯೇ ಸೇವ್‌ಪಾಯಿಂಟ್ ಸೌಲಭ್ಯವಿತ್ತು. ವಹಿವಾಟಿನೊಳಗೆ ಮತ್ತೊಂದು ವಹಿವಾಟನ್ನು ಅಡಕಗೊಳಿಸುವ ಕಲ್ಪನೆಯನ್ನು ಎಲಿಯಟ್ ಮಾಸ್ ಅವರು 1981ರ ತಮ್ಮ ಎಂಐಟಿ ಮಹಾಪ್ರಬಂಧದಲ್ಲಿ ವಿವರಿಸಿದರು. ಅದರಂತೆ ಒಳಗಿನ ವಹಿವಾಟು ಕಮಿಟ್ ಆದರೂ ಅದು ತಾತ್ಕಾಲಿಕ. ಹೊರಗಿನದು ರದ್ದಾದರೆ ಒಳಗಿನದೂ ರದ್ದಾಗುತ್ತದೆ. 1999ರ ಎಸ್‌ಕ್ಯೂಎಲ್ ಮಾನಕವು ಸೇವ್‌ಪಾಯಿಂಟನ್ನು ಸೇರಿಸಿಕೊಂಡಿತು.

ಬಳಕೆ

ಕಾಲೇಜೊಂದು 500 ವಿದ್ಯಾರ್ಥಿಗಳ ಅಂಕಗಳನ್ನು ಒಂದೇ ವಹಿವಾಟಿನಲ್ಲಿ ಸೇರಿಸುತ್ತಿದೆ ಎಂದು ಭಾವಿಸೋಣ. 312ನೆಯ ಸಾಲಿನ ನೋಂದಣಿ ಸಂಖ್ಯೆ ಈಗಾಗಲೇ ದಾಖಲಾಗಿದ್ದು ದೋಷ ಉಂಟಾದರೆ, ಪೋಸ್ಟ್‌ಗ್ರೆಸ್‌ಕ್ಯೂಎಲ್ ಮುಂದಿನ ಆಜ್ಞೆಗಳನ್ನೆಲ್ಲ ನಿರಾಕರಿಸುತ್ತದೆ; ಹಿಂದಿನ 311 ಸಾಲುಗಳೂ ಉಳಿಯುವುದಿಲ್ಲ. ಪ್ರತಿ ಸಾಲಿಗೆ ಮೊದಲು ಸೇವ್‌ಪಾಯಿಂಟ್ ಇಟ್ಟಿದ್ದರೆ 'ರೋಲ್‌ಬ್ಯಾಕ್ ಟು ಸೇವ್‌ಪಾಯಿಂಟ್' ಆಜ್ಞೆಯಿಂದ ಆ ಒಂದು ಸಾಲನ್ನು ಬಿಟ್ಟು ಮುಂದುವರಿಯಬಹುದು. ಸಾಲು ಸರಿಯಾಗಿ ಸೇರಿದಾಗ 'ರಿಲೀಸ್ ಸೇವ್‌ಪಾಯಿಂಟ್' ಆಜ್ಞೆಯು ಗುರುತನ್ನು ಮಾತ್ರ ತೆಗೆಯುತ್ತದೆ. ಬದಲಾವಣೆ ಶಾಶ್ವತವಾಗುವುದು ಕೊನೆಯ ಕಮಿಟ್‌ನಿಂದಲೇ.

ಎಲ್ಲೆಡೆಯೂ ಈ ಉಪಾಯ ಸಲ್ಲದು. ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಜಮಾ ಮಾಡುವಾಗ, ವಿಫಲವಾದ ಜಮೆಯನ್ನಷ್ಟೇ ರದ್ದುಪಡಿಸಿ ಕಮಿಟ್ ಮಾಡಿದರೆ ಹಣವು ಲೆಕ್ಕದಿಂದಲೇ ಮಾಯವಾಗುತ್ತದೆ.

ತಂತ್ರಾಂಶಗಳ ನಡುವಿನ ಭಿನ್ನತೆ

ವಹಿವಾಟಿನೊಳಗೆ ಮತ್ತೆ 'ಬಿಗಿನ್' ಎಂದರೆ ಅಡಕ ವಹಿವಾಟು ದೊರೆಯುತ್ತದೆ ಎಂಬ ನಂಬಿಕೆ ಅಪಾಯಕಾರಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಚ್ಚರಿಕೆಯನ್ನಷ್ಟೇ ನೀಡಿ ಹಳೆಯ ವಹಿವಾಟನ್ನೇ ಮುಂದುವರಿಸುತ್ತದೆ. ಮೈಎಸ್‌ಕ್ಯೂಎಲ್ ಅದುವರೆಗಿನ ಕೆಲಸವನ್ನು ಸದ್ದಿಲ್ಲದೆ ಕಮಿಟ್ ಮಾಡಿಬಿಡುತ್ತದೆ. ಅದನ್ನು ಮರಳಿ ರದ್ದುಪಡಿಸಲಾಗದು. ಎಸ್‌ಕ್ಯೂಎಲ್ ಸರ್ವರ್ ಒಂದು ಎಣಿಕೆಯನ್ನು ಹೆಚ್ಚಿಸುತ್ತದೆ: ಒಳಗಿನ ಕಮಿಟ್ ಎಣಿಕೆಯನ್ನು ಒಂದರಷ್ಟು ಇಳಿಸಿದರೆ, ಹೆಸರಿಲ್ಲದ ರೋಲ್‌ಬ್ಯಾಕ್ ಎಲ್ಲಿ ಬಂದರೂ ಇಡೀ ವಹಿವಾಟನ್ನು ರದ್ದುಪಡಿಸುತ್ತದೆ. ಪೈಥಾನ್‌ನ ಜ್ಯಾಂಗೋ ಚೌಕಟ್ಟಿನಲ್ಲಿ ಒಂದರೊಳಗೊಂದು ಬರೆದ 'ಅಟಾಮಿಕ್' ಖಂಡಗಳು ವಾಸ್ತವವಾಗಿ ಸೇವ್‌ಪಾಯಿಂಟ್‌ಗಳೇ.

ಮಿತಿಗಳು

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಸೀಕ್ವೆನ್ಸ್‌ನಿಂದ ಪಡೆದ ಕ್ರಮಸಂಖ್ಯೆಗಳು ರೋಲ್‌ಬ್ಯಾಕ್‌ನಿಂದ ಹಿಂದಿರುಗುವುದಿಲ್ಲ. ಸಂಖ್ಯೆಗಳ ನಡುವೆ ಅಂತರ ಉಳಿಯುತ್ತದೆ. ದೋಷದ ವಿವರವನ್ನು ಅದೇ ವಹಿವಾಟಿನಲ್ಲಿ ಕೋಷ್ಟಕಕ್ಕೆ ಬರೆದಿದ್ದರೆ, ಹೊರಗಿನ ರೋಲ್‌ಬ್ಯಾಕ್ ಅದನ್ನೂ ಅಳಿಸುತ್ತದೆ. ಇಂತಹ ದಾಖಲೆಗಳಿಗೆಂದು ಒರಾಕಲ್‌ನಲ್ಲಿ ಸ್ವತಂತ್ರವಾಗಿ ಕಮಿಟ್ ಆಗುವ 'ಅಟಾನಮಸ್ ಟ್ರಾನ್ಸಾಕ್ಷನ್' ಸೌಲಭ್ಯವಿದೆ.