ಕೌದಿ: ಮನೆಮಂದಿಯ ಅರಿವೆಯಿಂದ ಮನೆಮಂದಿಗೆ ಹೊದಿಕೆ

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಮನೆಗಳಲ್ಲಿ ಅರಿವೆ ಹರಿದರೂ ಅದರ ಋಣ ತೀರುವುದಿಲ್ಲ. ಅವ್ವನ ಇಳಕಲ್ ಸೀರೆ, ಅಜ್ಜನ ಧೋತರ, ಹುಡುಗರ ಅಂಗಿ, ಬಣ್ಣ ಮಾಸಿದ ಖಣದ ಕುಬುಸ ಎಲ್ಲವನ್ನೂ ಒಗೆದು ಒಣಗಿಸಿ ಗಂಟು ಕಟ್ಟಿ ಇಡುತ್ತಾರೆ. ಸುಗ್ಗಿ ಮುಗಿದು ಹೊಲದ ಕೆಲಸ ಇಳಿದ ಮೇಲೆ ಗಂಟು ಬಿಚ್ಚುತ್ತಾರೆ. ಕೌದಿ ಹೊಲಿಯುವ ಕಾಲ ಅದು.

ಕೌದಿಯ ರಚನೆ ಸರಳ. ಕೆಳಗೊಂದು ಗಟ್ಟಿ ಸೀರೆ, ಅದರ ಮೇಲೆ ಹಳೆಯ ಅರಿವೆಯ ಪದರಗಳು, ಎಲ್ಲಕ್ಕಿಂತ ಮೇಲೆ ಬಣ್ಣಬಣ್ಣದ ತುಂಡುಗಳು. ಸೂಜಿ ಇಡೀ ದಪ್ಪವನ್ನು ದಾಟಿ ಒಮ್ಮೆ ಕೆಳಗಿಳಿಯುತ್ತದೆ, ಒಮ್ಮೆ ಮೇಲೇಳುತ್ತದೆ. ಸಾಲಿನ ಪಕ್ಕಕ್ಕೆ ಸಾಲು, ಬೆರಳಿನಷ್ಟು ಅಂತರ. ಇಷ್ಟೇ ಹೊಲಿಗೆ. ಆದರೆ ಈ ಸಾಲುಗಳು ಮಾಡುವ ಕೆಲಸ ದೊಡ್ಡದು. ಪದರಗಳ ನಡುವೆ ನಿಂತ ಗಾಳಿಯೇ ಮೈಯ ಬಿಸಿಯನ್ನು ಹೊರಗೆ ಹೋಗಗೊಡದೆ ಹಿಡಿಯುತ್ತದೆ. ಸಾಲುಗಳು ಪದರಗಳನ್ನು ಜರುಗಲು ಬಿಡದೆ, ಆ ಗಾಳಿಗೂ ಎಡೆ ಉಳಿಸುತ್ತವೆ. ನೂರಾರು ಸಲ ಒಗೆತ ಕಂಡ ಹತ್ತಿಯ ಅರಿವೆಯಲ್ಲಿ ಗಂಜಿ ಉಳಿದಿರುವುದಿಲ್ಲ, ಎಳೆಗಳು ಸಡಿಲಾಗಿ ಮೆತ್ತಗಾಗಿರುತ್ತವೆ. ಹಳೆಯ ಕೌದಿ ಕೂಸಿನ ಮೈಗೆ ಒರಟಾಗದಿರುವುದಕ್ಕೆ, ಬೆವರು ಹೀರುವುದಕ್ಕೆ ಇದೇ ಕಾರಣ.

ಕೌದಿಯ ಕಲೆಯನ್ನು ಹತ್ತಿರದಿಂದ ಅರಿಯಲು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ‘ಕವಂದಿ’ ಎಂಬ ಕೌದಿಯನ್ನು ನೋಡಬೇಕು. ಸಿದ್ದಿಯರು ಆಫ್ರಿಕಾ ಮೂಲದವರು. ಅವರಲ್ಲಿ ಹಲವರ ಪೂರ್ವಿಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರ ಕವಂದಿಯಲ್ಲಿ ತುಂಡುಗಳನ್ನು ಮೊದಲೇ ಜೋಡಿಸಿ ಇಟ್ಟುಕೊಳ್ಳುವುದಿಲ್ಲ, ನಕ್ಷೆಯನ್ನೂ ಬರೆಯುವುದಿಲ್ಲ. ಸೀರೆ ಹಾಸಿ, ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಹೊಲಿಯುತ್ತ, ಎದುರಾದ ಜಾಗಕ್ಕೆ ಒಪ್ಪುವ ತುಂಡನ್ನು ಗಂಟಿನಿಂದ ಆರಿಸಿ ಇಡುತ್ತ, ಸುತ್ತಿನ ಒಳಗೆ ಸುತ್ತು ಹಾಕಿ ನಡುವಿಗೆ ಬಂದು ಮುಗಿಸುತ್ತಾರೆ. ಕೆಂಪಿನ ಪಕ್ಕಕ್ಕೆ ಯಾವುದು, ಉದ್ದ ಪಟ್ಟಿಯೋ ಚೌಕವೋ, ಈ ತೀರ್ಮಾನಗಳೆಲ್ಲ ಸೂಜಿ ಓಡುತ್ತಿರುವಾಗಲೇ ಆಗುತ್ತವೆ. ನನ್ನ ಮಟ್ಟಿಗೆ ಕಲಾವಿದೆಯ ನಿಜವಾದ ಕೈಗುಣ ಇಲ್ಲಿದೆ, ಹೊಲಿಗೆಯ ನಯದಲ್ಲಿ ಅಲ್ಲ. ಮೂಲೆಗಳಲ್ಲಿ ಚಿಕ್ಕ ಅರಿವೆಯನ್ನು ಮಡಿಸಿ ‘ಫುಲ’ ಎಂಬ ಹೂವನ್ನು ಕೂಡಿಸುತ್ತಾರೆ; ಅದಿಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಕ್ರೈಸ್ತ ಸಿದ್ದಿಯರ ಕವಂದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರ ಕೆಲವು ಕವಂದಿಗಳಲ್ಲಿ ಅರ್ಧಚಂದ್ರ ಮೂಡುವುದುಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವರ ನಡುವೆ ಕೆಲಸ ಮಾಡಿ ಈ ಕಲೆಯನ್ನು ಹೊರಜಗತ್ತಿಗೆ ಪರಿಚಯಿಸಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಹೊದಿಕೆಗಳ ಪ್ರದರ್ಶನವೇ ನಡೆಯಿತು.

ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಸಿಂಧಿನ ‘ರಲ್ಲಿ’, ಇವೆಲ್ಲ ಕೌದಿಯ ಒಡಹುಟ್ಟಿದವು. ಬಡತನವೇ ಇವಕ್ಕೆ ಕಾರಣ ಎನ್ನುವವರಿದ್ದಾರೆ. ಅದು ಅರ್ಧ ಮಾತು. ಬರೀ ಚಳಿಗೆ ಹೊದಿಕೆ ಬೇಕಿದ್ದರೆ ತುಂಡುಗಳನ್ನು ಸಿಕ್ಕಂತೆ ಒಟ್ಟಿ ಹೊಲಿದರೂ ನಡೆಯುತ್ತಿತ್ತು. ಇಳಕಲ್ಲಿನ ಕೆಂಪು ಸೆರಗನ್ನು ಕಣ್ಣಿಗೆ ಬೀಳುವ ಜಾಗದಲ್ಲೇ ಇಡಬೇಕೆಂದು ಯಾರೂ ಹಟ ಹಿಡಿಯುತ್ತಿರಲಿಲ್ಲ. ಮಗಳ ಬಾಣಂತನಕ್ಕೆಂದು ತೊಟ್ಟಿಲ ಕೌದಿ ಹೊಲಿಯುವ ತಾಯಿ ಅದರಲ್ಲಿ ತನ್ನ ಅತ್ತೆಯ ಸೀರೆಯದೊಂದು ತುಂಡು ಸೇರಿಸಿದರೆ, ಮೊಮ್ಮಗು ನಾಲ್ಕು ತಲೆಮಾರು ಸೇರಿದ ಅರಿವೆಯಲ್ಲಿ ಮಲಗುತ್ತದೆ. ದೊಡ್ಡ ಕೌದಿಯಾದರೆ ಓಣಿಯ ಹೆಂಗಸರು ಅಂಚಿಗೊಬ್ಬರಂತೆ ಕೂಡುತ್ತಾರೆ. ಹುಡುಗಿಯರು ಸೂಜಿಗೆ ದಾರ ಪೋಣಿಸಿಕೊಡುತ್ತ ಕೈಕೆಲಸವನ್ನೂ ಮನೆತನದ ಕಥೆಗಳನ್ನೂ ಒಟ್ಟಿಗೇ ಕಲಿಯುತ್ತಾರೆ. ಅಂಗಡಿಯಲ್ಲಿ ಕೌದಿಯ ಚಿತ್ತಾರ ಅಚ್ಚು ಹಾಕಿದ ಚಾದರ ಸಿಗುತ್ತದೆ. ಅದನ್ನು ನಾನು ಕೌದಿ ಎನ್ನಲಾರೆ; ಅದರಲ್ಲಿ ಯಾರೂ ಉಟ್ಟ ಬಟ್ಟೆಯಿಲ್ಲ.

ನಗರದ ಮನೆಯಲ್ಲೂ ಇದನ್ನು ಮಾಡಬಹುದು. ಐದೂವರೆ ಮೀಟರಿನ ಹತ್ತಿ ಸೀರೆಯನ್ನು ನಡುವೆ ಮಡಿಸಿದರೆ ಒಬ್ಬರು ಹೊದೆಯುವಷ್ಟು ಉದ್ದದ ಎರಡು ಪದರ ಸಿಗುತ್ತವೆ. ಹೊಲಿಯುವ ಮೊದಲು ಎಲ್ಲ ಅರಿವೆಯನ್ನೂ ಒಗೆಯಿರಿ. ಇಲ್ಲವಾದರೆ ಹೊಲಿದ ಮೇಲೆ ಒಂದು ತುಂಡು ಕುಗ್ಗಿ ಇನ್ನೊಂದು ಉಬ್ಬುತ್ತದೆ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಬೆವರನ್ನೂ ಹೀರದು. ಮೊದಲ ಕೌದಿಗೆ ಅದು ಬೇಡ. ದಾರ ಹತ್ತಿಯದೇ ಇರಲಿ, ಎರಡೆಳೆ ಕೂಡಿಸಿ. ತುಂಡುಗಳ ಅಂಚನ್ನು ಒಳಗೆ ಮಡಿಸಿಯೇ ಹೊಲಿಯಿರಿ, ಎಳೆ ಬಿಚ್ಚದು. ದಾರವನ್ನು ಬಿಗಿದು ಎಳೆಯಬೇಡಿ. ಬಿಗಿದರೆ ಅರಿವೆ ಸುಕ್ಕುಗಟ್ಟುತ್ತದೆ, ಒಗೆದಾಗ ದಾರ ಹರಿಯುತ್ತದೆ. ಅಂಚಿನಿಂದ ಒಳಗೆ ಹೊಲಿಯುವಾಗ ಸಡಿಲವೆಲ್ಲ ನಡುವಿಗೆ ಬಂದು ಸೇರುವುದರಿಂದ, ಪ್ರತಿ ಸಾಲಿಗೂ ಅಂಗೈಯಿಂದ ಸವರಿ ಮಟ್ಟ ಮಾಡಿಕೊಳ್ಳುತ್ತಿರಬೇಕು.

ಮೊದಲಿಗೆ ತೊಟ್ಟಿಲ ಅಳತೆಯ ಕೌದಿ ಸಾಕು. ಮಕ್ಕಳಿಗೆ ತುಂಡು ಆರಿಸುವ ಕೆಲಸ ಕೊಡಿ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ತುಂಡು ಯಾರದು, ಯಾವಾಗ ಉಟ್ಟದ್ದು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಈ ಬೇಸಿಗೆಯಲ್ಲೇ ಶುರುಮಾಡಿ.